ಮನೆಯಲ್ಲೇ ಆರ್ಕೇಡ್ ಪೆಟ್ಟಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನ ನಮ್ಮ ಮನೆಯ ಹಜಾರದಲ್ಲಿ ಆಳೆತ್ತರದ ಒಂದು ವಿಡಿಯೊ ಗೇಮ್ ಪೆಟ್ಟಿಗೆ ನಿಂತಿದೆ. ಬಂದವರು ಮೊದಲು ಆಡುತ್ತಾರೆ, ಕಾಫಿ ಲೋಟ ಕೈಗೆ ಬಂದ ಮೇಲೆ ಪ್ರಶ್ನೆ ಶುರು ಮಾಡುತ್ತಾರೆ. ಒಂದೇ ಉತ್ತರವನ್ನು ಎಷ್ಟು ಸಲ ಹೇಳುವುದು ಅಂತ ಇಲ್ಲಿ ಬರೆದಿಟ್ಟಿದ್ದೇನೆ. ನಾನು ಬಡಗಿಯಲ್ಲ, ಎಲೆಕ್ಟ್ರಾನಿಕ್ಸ್ ಓದಿದವನೂ ಅಲ್ಲ. ಎರಡು ಪೆಟ್ಟಿಗೆ ಮಾಡಿದ್ದೇನೆ, ಅಷ್ಟೇ. ಮೊದಲನೆಯದು ಈಗ ಉಗ್ರಾಣದಲ್ಲಿ ಉಪ್ಪಿನಕಾಯಿ ಜಾಡಿ ಇಡುವ ಕಪಾಟಾಗಿದೆ. ಯಾಕೆ ಅಂತ ಕೆಳಗೆ ಗೊತ್ತಾಗುತ್ತೆ.

ಆರ್ಕೇಡ್ ಪೆಟ್ಟಿಗೆ ಅಂದ್ರೆ ಏನು? ಟಿವಿಗೆ ಸಿಕ್ಕಿಸಿ ಆಡೋ ಗೇಮ್‌ಗೂ ಇದಕ್ಕೂ ಏನು ವ್ಯತ್ಯಾಸ?

ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ವಸ್ತು ಗೊತ್ತಿರುತ್ತೆ, ಹೆಸರು ಗೊತ್ತಿರಲ್ಲ. ಬಸ್‌ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ಒಂದು ಕತ್ತಲೆ ಕೋಣೆ, ಒಳಗೆ ಸಾಲಾಗಿ ಪ್ಲೈವುಡ್ ಪೆಟ್ಟಿಗೆಗಳು, ಒಂದು ರೂಪಾಯಿಗೆ ಒಂದು ಆಟ. ನಾವು ‘ಮುಸ್ತಫಾ ಗೇಮ್’ ಅಂತಿದ್ದೆವಲ್ಲ, ಅದು ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದ ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್’. ಅದರಲ್ಲಿ ಆರಿಸಿಕೊಳ್ಳಬಹುದಾದ ನಾಲ್ವರಲ್ಲಿ ಒಬ್ಬನ ಹೆಸರು ಮುಸ್ತಫಾ. ಅಷ್ಟುದ್ದದ ಇಂಗ್ಲಿಷ್ ಹೆಸರು ಯಾರ ಬಾಯಿಗೂ ಹತ್ತದೆ ಇಡೀ ಆಟಕ್ಕೇ ಅವನ ಹೆಸರು ಬಿತ್ತು. 1978ರ ಸ್ಪೇಸ್ ಇನ್‌ವೇಡರ್ಸ್, 1980ರ ಪ್ಯಾಕ್‌ಮ್ಯಾನ್, 1991ರ ಸ್ಟ್ರೀಟ್ ಫೈಟರ್ 2 ಎಲ್ಲವೂ ಇಂಥ ಪೆಟ್ಟಿಗೆಗಳಲ್ಲೇ ಹುಟ್ಟಿದವು.

ವ್ಯತ್ಯಾಸ ಇರೋದು ಕೈಯಲ್ಲಿ. ಮನೆಯ ಕಂಟ್ರೋಲರನ್ನು ಮಡಿಲಲ್ಲಿಟ್ಟು ಹೆಬ್ಬೆರಳಲ್ಲಿ ಆಡುತ್ತೀರಿ. ಇಲ್ಲಿ ಎದ್ದು ನಿಂತು, ಎಡಗೈಯಲ್ಲಿ ಜಾಯ್‌ಸ್ಟಿಕ್ ಹಿಡಿದು, ಬಲ ಅಂಗೈ ಊರಿ ಬಟನ್ ಕುಟ್ಟುತ್ತೀರಿ. ಮಿಕ್ಕ ಪೆಟ್ಟಿಗೆಯೆಲ್ಲ ಆ ಎರಡು ಕೈಗೆ ಜಾಗ ಕೊಡೋಕೆ ಇರೋದು.

ಸರಿ, ಮೊದಲು ಏನು ತಗೋಬೇಕು?

ಏನೂ ತಗೋಬೇಡಿ. ರಟ್ಟು ತನ್ನಿ. ಫ್ರಿಜ್, ವಾಷಿಂಗ್ ಮೆಷಿನ್ ಬಂದ ಡಬ್ಬವನ್ನು ಅಂಗಡಿಯವರು ಕೇಳಿದರೆ ಸುಮ್ಮನೆ ಕೊಡುತ್ತಾರೆ.

ನನ್ನ ಮೊದಲ ಪೆಟ್ಟಿಗೆಗೆ ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ ಅಮೆರಿಕದ ನಕ್ಷೆ ಹಿಡಿದು ಹಲಗೆ ಕುಯ್ಯಿಸಿಬಿಟ್ಟೆ. ಬಟನ್ ಇರುವ ಹಲಗೆ ನೆಲದಿಂದ 42 ಇಂಚು ಬಂತು. ಹತ್ತು ನಿಮಿಷ ಆಡಿದರೆ ಭುಜ ನೋವು. ಮಗಳಿಗಂತೂ ಸ್ಟೂಲ್ ಬೇಕಾಯಿತು. ಎರಡನೆಯದಕ್ಕೆ ಬುದ್ಧಿ ಬಂದಿತ್ತು. ಅಡುಗೆ ಕಟ್ಟೆಯ ಮೇಲೆ ಎರಡು ಅಕ್ಕಿ ಡಬ್ಬ, ಅದರ ಮೇಲೆ ರಟ್ಟು. ಸೋಡಾ ಬಾಟಲಿಯ ಮುಚ್ಚಳಗಳನ್ನು ಎರಡು ಬದಿ ಅಂಟುವ ಟೇಪಿನಲ್ಲಿ ಅಂಟಿಸಿದೆ, ಅವೇ ಬಟನ್. ಜಾಯ್‌ಸ್ಟಿಕ್ ಜಾಗದಲ್ಲಿ ಮಜ್ಜಿಗೆ ಕಡೆಯುವ ಕಡಗೋಲು ಚುಚ್ಚಿದೆ. ನಾನೂ ಮಗಳೂ ಅಕ್ಕಪಕ್ಕ ನಿಂತು, ಬಾಯಲ್ಲೇ ಡಿಶುಂ ಡಿಶುಂ ಅನ್ನುತ್ತಾ ಸುಳ್ಳು ಆಟ ಆಡಿದೆವು. ಮನೆಯವಳು ವಿಡಿಯೊ ಮಾಡಿಟ್ಟುಕೊಂಡಿದ್ದಾಳೆ, ಅದು ಬೇರೆ ಕತೆ.

ಆ ಹತ್ತು ನಿಮಿಷದಲ್ಲಿ ಮೂರು ವಿಷಯ ಗೊತ್ತಾಯಿತು. 24 ಇಂಚು ಅಗಲದ ಹಲಗೆಯಲ್ಲಿ ನನ್ನ ಮೊಣಕೈ ಮಗಳ ಪಕ್ಕೆಗೆ ತಿವಿಯುತ್ತೆ, 28 ಇಂಚಾದರೆ ತಿವಿಯಲ್ಲ. ಬಟನ್‌ಗಳು ನೇರ ಸಾಲಿನಲ್ಲಿದ್ದರೆ ಮಣಿಕಟ್ಟು ಸೊಟ್ಟಗಾಗುತ್ತೆ, ಯಾಕೆಂದರೆ ಬೆರಳುಗಳೇ ಒಂದೇ ಉದ್ದ ಇಲ್ಲವಲ್ಲ. ರಟ್ಟಿನ ಮೇಲೆ ಅಂಗೈ ಆರಾಮಾಗಿ ಊರಿ, ಪೆನ್ಸಿಲ್‌ನಲ್ಲಿ ಬೆರಳ ತುದಿಗೆ ಗುರುತು ಹಾಕಿ, ಆ ಗುರುತಿನ ಮೇಲೆ ಮುಚ್ಚಳ ಅಂಟಿಸಿದರೆ ತಾನಾಗಿ ಒಂದು ಕಮಾನು ಬರುತ್ತೆ. ಮೂರನೆಯದು, ಮಣಿಕಟ್ಟಿನ ಹಿಂದೆ ಕನಿಷ್ಠ ನಾಲ್ಕು ಇಂಚು ಖಾಲಿ ಜಾಗ ಬೇಕು. ಇಲ್ಲದಿದ್ದರೆ ಹಲಗೆಯ ಅಂಚು ಕೈ ಕೊರೆಯುತ್ತೆ.

ರಟ್ಟು ಒಪ್ಪಿಗೆಯಾದ ಮೇಲೆ ಅದನ್ನೇ ಅಚ್ಚು ಮಾಡಿಕೊಂಡು ಪ್ಲೈವುಡ್‌ಗೆ ಗುರುತು ಹಾಕಿ.

ಅಂದಾಜು ಅಳತೆ ಹೇಳಿಬಿಡಿ.

ಹೇಳುತ್ತೇನೆ, ಆದರೆ ರಟ್ಟು ಬಿಡಬೇಡಿ. ನನ್ನದು: ಒಟ್ಟು ಎತ್ತರ 66 ಇಂಚು, ಅಗಲ 28, ಆಳ 23¾. ಬಟನ್ ಹಲಗೆ ನೆಲದಿಂದ 37 ಇಂಚು, ಅಂದರೆ ನಮ್ಮ ಅಡುಗೆ ಕಟ್ಟೆಗಿಂತ ಒಂದು ಗೇಣಿಗೂ ಕಡಿಮೆ ಮೇಲೆ. 30 ಮಿ.ಮೀ. ಬಟನ್‌ಗಳ ನಡುವಿನ ಅಂತರ, ಒಂದರ ಕೇಂದ್ರದಿಂದ ಇನ್ನೊಂದರ ಕೇಂದ್ರಕ್ಕೆ, 36 ಮಿ.ಮೀ. ಪರದೆ ಸ್ವಲ್ಪ ಹಿಂದಕ್ಕೆ ಒರಗಿರಲಿ. ನೆಟ್ಟಗೆ ನಿಲ್ಲಿಸಿದರೆ ಎತ್ತರದವರು ಕತ್ತು ಬಗ್ಗಿಸಿಕೊಂಡೇ ಆಡಬೇಕು.

ಇನ್ನೊಂದು ಅಳತೆ ಎಲ್ಲರೂ ಮರೆಯುತ್ತಾರೆ: ಬಾಗಿಲು. ಪೆಟ್ಟಿಗೆ ಎಲ್ಲಿ ಮಾಡುತ್ತೀರೋ ಅಲ್ಲಿಂದ ಎಲ್ಲಿ ಇಡುತ್ತೀರೋ ಅಲ್ಲಿಯ ತನಕ ಬರುವ ಪ್ರತಿ ಬಾಗಿಲಿನ ಚೌಕಟ್ಟಿನ ಒಳ ಅಳತೆ, ಮೆಟ್ಟಿಲಿನ ತಿರುವು ಎಲ್ಲ ಟೇಪ್ ಹಿಡಿದು ನೋಡಿ. ಹಳೇ ತೊಟ್ಟಿಮನೆಗಳ ಬಾಗಿಲಿಗೆ ತಲೆ ಬಗ್ಗಿಸಿ ಹೋಗಬೇಕು, ಹೊಸ್ತಿಲು ಬೇರೆ ಎತ್ತರ. ಅನುಮಾನ ಬಂದರೆ ಮೇಲ್ಭಾಗ, ಕೆಳಭಾಗ ಬೇರೆ ಬೇರೆ ಮಾಡಿ ಒಳಗಿನಿಂದ ನಟ್ಟು ಬೋಲ್ಟ್ ಹಾಕಿ ಕೂಡಿಸಿ.

ಎಂಡಿಎಫ್ ಅಗ್ಗ ಅಲ್ವಾ? ಪ್ಲೈವುಡ್ಡೇ ಯಾಕೆ?

ಉಪ್ಪಿನಕಾಯಿ ಕಪಾಟಿನ ಕತೆ ಇದೇ. ಎಂಡಿಎಫ್ ಅಂದರೆ ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ನುಣ್ಣಗಿರುತ್ತೆ, ಬಣ್ಣ ಚೆನ್ನಾಗಿ ಕೂರುತ್ತೆ, ಕುಯ್ಯೋದು ಸುಲಭ. ಒಣ ಊರಿನವರು ಧಾರಾಳವಾಗಿ ಬಳಸಲಿ. ನಮ್ಮಲ್ಲಿ ಆರಿದ್ರಾ ಮಳೆ ಹಿಡಿದರೆ ಒಗೆದ ಬಟ್ಟೆ ನಾಲ್ಕು ದಿನಕ್ಕೂ ಒಣಗಲ್ಲ. ಆ ತೇವ, ಜೊತೆಗೆ ದಿನಾ ನೆಲ ಒರೆಸುವ ಒದ್ದೆ ಬಟ್ಟೆ. ಆಶ್ಲೇಷ ಮುಗಿಯುವಷ್ಟರಲ್ಲಿ ಪೆಟ್ಟಿಗೆಯ ಕೆಳಗಿನ ನಾಲ್ಕು ಇಂಚು ಕಾಫಿಯಲ್ಲಿ ಅದ್ದಿದ ರಸ್ಕಿನ ಹಾಗೆ ಉಬ್ಬಿತ್ತು. ಸ್ಕ್ರೂಗಳು ಬೆರಳಲ್ಲಿ ಎಳೆದರೆ ಕೈಗೆ ಬರುತ್ತಿದ್ದವು. ಮೇಲಿನ ಅರ್ಧ ಚೆನ್ನಾಗಿತ್ತು, ಅದನ್ನೇ ಕುಯ್ದು ಕಪಾಟು ಮಾಡಿಕೊಂಡೆವು.

ಪಕ್ಕದ ಹಲಗೆಗಳಿಗೆ 19 ಮಿ.ಮೀ. ಪ್ಲೈವುಡ್, ಹಿಂಬದಿಗೆ 6 ಅಥವಾ 9 ಮಿ.ಮೀ. ಸಾಕು. ಶೀಟಿನ ಮೇಲೆ ಐಎಸ್ 303 ಅಂತ ಇದ್ದರೆ ಸಾಮಾನ್ಯ ಬಳಕೆಯದು, ಐಎಸ್ 710 ಅಂತ ಇದ್ದರೆ ಮೆರೈನ್, ನೀರಿಗೆ ಜಗ್ಗದು. ದುಡ್ಡು ಉಳಿಸಬೇಕಾದರೆ ನೆಲದ ಹತ್ತಿರ ಬರುವ ಭಾಗಗಳಿಗಾದರೂ ಮೆರೈನ್ ಹಾಕಿಸಿ, ಕೆಳಗೆ ರಬ್ಬರ್ ಬುಷ್ ಅಥವಾ ಚಕ್ರ ಕೊಟ್ಟು ಹಲಗೆ ನೆಲಕ್ಕೆ ತಾಗದ ಹಾಗೆ ಒಂದು ಇಂಚು ಎತ್ತಿ. ಕುಯ್ದ ಅಂಚುಗಳೇ ನೀರು ಕುಡಿಯೋದು. ಅವಕ್ಕೆ ಪ್ರೈಮರ್ ಬಳಿಯದೆ ಬಿಡಬೇಡಿ, ಕಣ್ಣಿಗೆ ಕಾಣದ ಅಡಿಯ ಅಂಚಿಗಂತೂ ಎರಡು ಕೈ ಬಳಿಯಿರಿ.

ಬುಷ್‌ಗಿಂತ ಚಕ್ರವೇ ಮೇಲು ಅನ್ನೋದಕ್ಕೆ ಒಂದು ಕಾರಣ: 8×4 ಅಡಿಯ ಒಂದು 19 ಮಿ.ಮೀ. ಶೀಟ್ 35 ಕಿಲೊ ಆಸುಪಾಸು ತೂಗುತ್ತೆ, ನಿಮಗೆ ಬೇಕಾಗೋದು ಎರಡು.

ನಮ್ಮ ತೋಟದಲ್ಲೇ ಸಿಲ್ವರ್ ಓಕ್ ಬೇಕಾದಷ್ಟಿದೆ. ಹಲಗೆ ಕುಯ್ಯಿಸಿ ಅದರಲ್ಲೇ ಮಾಡಬಹುದಾ?

ಮೂಡಿಗೆರೆ ಕಡೆಯಿಂದ, ಸಕಲೇಶಪುರದಿಂದ ಈ ಪ್ರಶ್ನೆ ತಪ್ಪದೆ ಬರುತ್ತೆ. ಒಳಗಿನ ಚೌಕಟ್ಟಿಗೆ, ಮೂಲೆ ಹಿಡಿಯುವ ರೀಪಿಗೆ ಖಂಡಿತ ಆಗುತ್ತೆ, ಚೆನ್ನಾಗಿ ಒಣಗಿಸಿದ್ದಾದರೆ. ಪಕ್ಕದ ಅಗಲ ಹಲಗೆಗೆ ಬೇಡ. ಇಡೀ ಮರದ ಹಲಗೆ ಮಳೆಗಾಲದಲ್ಲಿ ಅಡ್ಡಕ್ಕೆ ಹಿಗ್ಗುತ್ತೆ, ಬೇಸಿಗೆಯಲ್ಲಿ ಕುಗ್ಗುತ್ತೆ. ಎರಡಡಿ ಅಗಲದಲ್ಲಿ ಆ ಆಟ ಕಣ್ಣಿಗೇ ಕಾಣುತ್ತೆ: ಜಾಯಿಂಟ್ ಬಿಡುತ್ತೆ ಇಲ್ಲ ಹಲಗೆ ತಿರುಚುತ್ತೆ. ಪ್ಲೈವುಡ್‌ನಲ್ಲಿ ಒಂದು ಪದರದ ಎಳೆ ಉದ್ದಕ್ಕೆ, ಮುಂದಿನದ್ದು ಅಡ್ಡಕ್ಕೆ ಇರೋದರಿಂದ ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ. ತಾತನ ಕಾಲದ ಬೀಟೆ ಹಲಗೆ ಅಟ್ಟದಲ್ಲಿದೆ ಅಂತ ಒಬ್ಬರು ಕೇಳಿದ್ದರು. ದಯವಿಟ್ಟು ಅದಕ್ಕೆ 30 ಮಿ.ಮೀ. ತೂತು ಕೊರೆಯಬೇಡಿ.

ಬಡಗಿಗಳಿಗೆ ಇದನ್ನ ಹೇಗೆ ಅರ್ಥ ಮಾಡಿಸೋದು?

ನಮ್ಮ ಆಚಾರ್ರು ಮೊದಲ ದಿನ ನಕ್ಷೆ ನೋಡಿ, “ಇದೇನ್ ಸ್ವಾಮಿ, ದೇವರ ಮಂಟಪಾನಾ?” ಅಂದರು. “ಅಲ್ಲ ಆಚಾರ್ರೇ, ಗೇಮ್ ಆಡೋ ಪೆಟ್ಟಿಗೆ.” “ಹಂಗಾದ್ರೆ ಮುಂದ್ಗಡೆ ಬಾಗಿಲು ಎಲ್ಲಿ?” ಕಾಗದದ ನಕ್ಷೆ ಅವರಿಗೆ ಬೇಡ, ನಿಜ ಅಳತೆಯ ಆಕಾರ ಬೇಕು. ಹಳೇ ಪೇಪರುಗಳನ್ನು ಅಂಟಿಸಿ ಪಕ್ಕದ ಹಲಗೆಯ ಆಕಾರವನ್ನು ಪೂರ್ತಿ ಅಳತೆಯಲ್ಲಿ ಕತ್ತರಿಸಿ ಕೊಟ್ಟೆ. ಒಂದೇ ನೋಟಕ್ಕೆ ಹಿಡಿದರು, ಅಷ್ಟೇ ಅಲ್ಲ, ತಪ್ಪನ್ನೂ ತೋರಿಸಿದರು: ನಾನು ಆಳ 24 ಇಂಚು ಹಾಕಿದ್ದೆ. ನಾಲ್ಕಡಿ ಅಗಲದ ಶೀಟನ್ನು ಎರಡು ಮಾಡಿದರೆ ಗರಗಸದ ಬಾಯಿಗೆ ಹೋದದ್ದು ಹೋಗಿ ಎರಡಕ್ಕೂ 24 ಸಿಗಲ್ಲ. ನನ್ನ ಪೆಟ್ಟಿಗೆಯ ಆ ವಿಚಿತ್ರ ಮುಕ್ಕಾಲು ಇಂಚು ಬಂದದ್ದು ಹಾಗೆ.

ಎರಡು ಪಕ್ಕಗಳನ್ನು ಒಟ್ಟಿಗೆ ಕ್ಲಾಂಪ್ ಹಾಕಿ ಕುಯ್ಯಲು ಹೇಳಿ. ಬಟನ್ ತೂತಿಗೆ 30 ಮಿ.ಮೀ. ಹೋಲ್ ಸಾ ಕೊಂಡು ನೀವೇ ಕೊಡಿ, ಮೊದಲು ಚೂರು ಪ್ಲೈವುಡ್ ಮೇಲೆ ಒಂದು ತೂತು ಕೊರೆದು ಬಟನ್ ಕೂರಿಸಿ ನೋಡಿ. ಅಮೆರಿಕದ ಮಾದರಿಯ ಬಟನ್‌ಗಳು 28 ಮಿ.ಮೀ. ತೂತಿನವು, ಜಪಾನ್ ಮಾದರಿಯವು 30. ಸ್ಟಾರ್ಟ್ ಬಟನ್ ಸಾಮಾನ್ಯವಾಗಿ 24. ಸ್ಪ್ರಿಂಗ್ ಕಿವಿಯಿಂದ ಹಿಡಿದುಕೊಳ್ಳುವ ಬಟನ್‌ಗಳು 19 ಮಿ.ಮೀ. ದಪ್ಪದ ಹಲಗೆಯಲ್ಲಿ ನಿಲ್ಲಲ್ಲ. ಅದಕ್ಕೆ ಕೆಳಗಿನಿಂದ ಕೆತ್ತಿ ತೆಳ್ಳಗೆ ಮಾಡಬೇಕು, ಇಲ್ಲವೇ ತಿರುಪು ಹಾಕುವ ಮಾದರಿ ಕೊಳ್ಳಬೇಕು.

ಜಾಯ್‌ಸ್ಟಿಕ್ ಯಾವುದು? ಪ್ಯಾಕ್‌ಮ್ಯಾನ್ ಆಡುವಾಗ ಮೂಲೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ.

ಕೈ ತಪ್ಪಲ್ಲ, ಗೇಟಿನ ತಪ್ಪು. ಜಾಯ್‌ಸ್ಟಿಕ್ ಅಡಿಯಲ್ಲಿ ಕೋಲಿನ ಓಡಾಟವನ್ನು ತಡೆಯುವ ಒಂದು ಪ್ಲಾಸ್ಟಿಕ್ ಚೌಕ ಇರುತ್ತೆ, ಅದೇ ಗೇಟು. ಹೊಡೆದಾಟದ ಆಟಗಳಿಗೆ ಎಂಟು ದಿಕ್ಕು ಬೇಕು, ಮೂಲೆಗಳೂ ಸಿಗಬೇಕು. ಪ್ಯಾಕ್‌ಮ್ಯಾನಿಗೆ ನಾಲ್ಕೇ ದಿಕ್ಕು. ಎಂಟು ದಿಕ್ಕಿನ ಕೋಲಿನಲ್ಲಿ ತಿರುವಿನ ಹೊತ್ತಿಗೆ ಮೇಲಕ್ಕೂ ಪಕ್ಕಕ್ಕೂ ಒಟ್ಟಿಗೆ ಒತ್ತಿಹೋಗಿ ಅವನು ಗಲಿಬಿಲಿಗೊಳ್ಳುತ್ತಾನೆ. ಜಪಾನಿನ ಸಾನ್ವಾ ಕಂಪನಿಯ ಜೆಎಲ್‌ಎಫ್ ಜಾಯ್‌ಸ್ಟಿಕ್‌ನಂಥವುಗಳಲ್ಲಿ ಗೇಟನ್ನು 45 ಡಿಗ್ರಿ ತಿರುಗಿಸಿ ಕೂರಿಸಿದರೆ ನಾಲ್ಕು ದಿಕ್ಕಿನದಾಗುತ್ತೆ. ಮನೆಯಲ್ಲಿ ಯಾರು ಏನು ಆಡುತ್ತಾರೆ ನೋಡಿ ಆರಿಸಿಕೊಳ್ಳಿ.

ಬಟನ್ ಎಷ್ಟು ಅಂತಲೂ ಕೇಳುತ್ತಾರೆ. ಸ್ಟ್ರೀಟ್ ಫೈಟರ್ 2ಕ್ಕೆ ತಲಾ ಆರು, ಮುಸ್ತಫಾಗೆ ಎರಡೇ ಸಾಕು. ಆರು ಕೊರೆಸಿ, ಬೇಡದವಕ್ಕೆ ಕೈ ಹಾಕಬೇಡಿ. ಎಂಟು ಕೊರೆಸಿದವರ ಹಲಗೆ ಹಾರ್ಮೋನಿಯಂ ಹಾಗೆ ಕಾಣುತ್ತೆ.

ತಂತಿ ಜೋಡಿಸೋದು ಕಷ್ಟವಾ? ಬೆಸುಗೆ ಬರಬೇಕಾ?

ಬೆಸುಗೆ ಬೇಡ. ಯುಎಸ್‌ಬಿ ಎನ್‌ಕೋಡರ್ ಅಂತ ಅಂಗೈಗಿಂತ ಚಿಕ್ಕ ಬೋರ್ಡ್ ಬರುತ್ತೆ, ತಲಾ ಆಟಗಾರನಿಗೆ ಒಂದು. ಪ್ರತಿ ಬಟನ್‌ನಿಂದ ಎರಡು ತಂತಿ ಬಂದು ಅದರಲ್ಲಿ ಸಿಕ್ಕಿಕೊಳ್ಳುತ್ತೆ. ಅದು ಕಂಪ್ಯೂಟರಿಗೆ ಮಾಮೂಲಿ ಗೇಮ್‌ಪ್ಯಾಡ್ ಅಂತಲೇ ಪರಿಚಯವಾಗುತ್ತೆ. ಕೊಳ್ಳುವಾಗ ತಂತಿಯ ತುದಿಯ ಕ್ಲಿಪ್ 2.8 ಮಿ.ಮೀ.ಯದೋ 4.8ರದೋ ಕೇಳಿ. ಬಟನ್‌ಗೆ ಹೊಂದದಿದ್ದರೆ ಸಡಿಲವಾಗಿ ಕಳಚುತ್ತಿರುತ್ತೆ.

ಮೈಕ್ರೋಸ್ವಿಚ್ (ಬಟನ್ ಅಡಿಯಲ್ಲಿ ಟಿಕ್ ಅನ್ನುವ ಪುಟ್ಟ ಸ್ವಿಚ್) ಇರುವ ಬಟನ್‌ನಲ್ಲಿ ಮೂರು ಕಾಲು: ಎರಡಕ್ಕೂ ಸೇರಿದ ಕಾಮನ್, ಒತ್ತಿದಾಗ ಮಾತ್ರ ಕೂಡಿಕೊಳ್ಳುವ ನಾರ್ಮಲಿ ಓಪನ್, ಒತ್ತಿದಾಗ ಬಿಟ್ಟುಕೊಳ್ಳುವ ನಾರ್ಮಲಿ ಕ್ಲೋಸ್ಡ್. ತಂತಿ ಮೊದಲ ಎರಡಕ್ಕೆ ಹೋಗಬೇಕು. ನಾನು ಒಂದೇ ಸಂಜೆಯಲ್ಲಿ ಹನ್ನೆರಡನ್ನೂ ಕಾಮನ್‌ಗೂ ಕ್ಲೋಸ್ಡ್‌ಗೂ ಹಾಕಿದ್ದೆ. ಆನ್ ಮಾಡಿದರೆ ಹೀರೊ ನಿಂತಲ್ಲೇ ಗಾಳಿಗೆ ಗುದ್ದುತ್ತಿದ್ದಾನೆ. ಸಾಫ್ಟ್‌ವೇರ್ ಹಾಳಾಗಿದೆ ಅಂತ ಅದಿರುವ ಮೆಮೊರಿ ಕಾರ್ಡನ್ನು ಎರಡು ಸಲ ಅಳಿಸಿ ಹಾಕಿದೆ. ಕೊನೆಗೆ ಹಿಂದೆ ನಿಂತು ನೋಡುತ್ತಿದ್ದ ನನ್ನ ಹೆಂಡತಿ, “ಒತ್ತಿದಾಗ ಸುಮ್ಮನಾಗ್ತಾನಲ್ಲ ರೀ” ಅಂದಳು. ಅಷ್ಟೇ. ಹನ್ನೆರಡು ಕ್ಲಿಪ್ ಒಂದು ಕಾಲು ಪಕ್ಕಕ್ಕೆ.

ಒಳಗೆ ಕಂಪ್ಯೂಟರ್ ಯಾವುದು?

ಮೂಲೆಗೆ ಬಿದ್ದ ಹಳೇ ಡೆಸ್ಕ್‌ಟಾಪ್ ಇದ್ದರೆ ಅದೇ ಸಾಕು, ಎಸ್‌ಎಸ್‌ಡಿ ಒಂದು ಹಾಕಿಸಿ. ಇಲ್ಲವೆಂದರೆ ರಾಸ್‌ಬೆರಿ ಪೈ 4 ಅನ್ನುವ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಕಂಪ್ಯೂಟರ್. ಎಂಬತ್ತು–ತೊಂಬತ್ತರ ದಶಕದ ಆಟಗಳಲ್ಲಿ ಹೆಚ್ಚಿನವಕ್ಕೆ ಅದರ ಶಕ್ತಿ ಧಾರಾಳ. ಅದಕ್ಕೆ 5.1 ವೋಲ್ಟ್, 3 ಆಂಪಿಯರ್ ಅಡಾಪ್ಟರೇ ಬೇಕು, ಮೊಬೈಲ್ ಚಾರ್ಜರ್ ಸಿಕ್ಕಿಸಿ ಪರದೆಯಲ್ಲಿ ಮಿಂಚಿನ ಗುರುತು ಬಂತು ಅಂತ ಫೋನ್ ಮಾಡಬೇಡಿ. ಹಳೇ ಆಟಗಳನ್ನು ಓಡಿಸುವ ಸಾಫ್ಟ್‌ವೇರ್ ಬೇಕಲ್ಲ, ರೆಟ್ರೊಪೈ, ಬಟೊಸೆರಾ ಎರಡರಲ್ಲಿ ಯಾವುದಾದರೂ ಹಾಕಿಕೊಳ್ಳಿ.

ನಮ್ಮ ಕಡೆ ದೊಡ್ಡ ಶತ್ರು ಕರೆಂಟ್. ಗಾಳಿಗೆ ಕೊಂಬೆ ಬಿದ್ದು ದಿನಕ್ಕೆ ಎಂಟು ಸಲ ಹೋಗಿ ಬರುತ್ತೆ, ಕಂಪ್ಯೂಟರ್ ಮೆಮೊರಿ ಕಾರ್ಡಿಗೆ ಬರೆಯುವ ಹೊತ್ತಿಗೆ ಹೋದರೆ ಕಾರ್ಡ್ ಕೆಡುತ್ತೆ. ಎಲ್ಲ ಸೆಟ್ಟಿಂಗ್ ಮುಗಿದ ಮೇಲೆ ಕಾರ್ಡಿನ ಒಂದು ನಕಲು ತೆಗೆದು ಬೀರುವಿನಲ್ಲಿಡಿ. ಯುಪಿಎಸ್ ಇದ್ದರೆ ಇನ್ನೂ ಒಳ್ಳೆಯದು.

ಹಳೇ ಡಬ್ಬಾ ಟಿವಿ ಹಾಕಿದರೆ ನಿಜವಾದ ಮಜಾ ಅಂತಾರೆ?

ನಿಜ, ಆ ಆಟಗಳ ಚಿತ್ರ ಬರೆದದ್ದೇ ಆ ಪರದೆಗೆ. ಆದರೆ ಟಿವಿಯ ಹೊರಕವಚ ಬಿಚ್ಚಿ ಕೊಳವೆಯನ್ನು ಮಾತ್ರ ಕೂರಿಸುವ ಸಾಹಸ ಬೇಡ. ಅದರೊಳಗೆ ಇಪ್ಪತ್ತು ಸಾವಿರ ವೋಲ್ಟಿನ ಮೇಲೆ ಓಡುತ್ತೆ, ಪ್ಲಗ್ ಕಿತ್ತ ಮೇಲೂ ಉಳಿದಿರುತ್ತೆ. ಬೇಕೇ ಬೇಕಾದರೆ ಟಿವಿಯನ್ನು ಇಡಿಯಾಗಿ ಒಳಗೆ ಕೂರಿಸಿ, ಪೈ 4ರ ಆಡಿಯೊ ತೂತಿನಿಂದಲೇ ಎವಿ ಕೇಬಲ್ ಹೋಗುತ್ತೆ. ಪೈ 5ರಲ್ಲಿ ಆ ತೂತು ಇಲ್ಲ. ನಾನು ಹಾಕಿದ್ದು 19 ಇಂಚಿನ ಚೌಕಾಕಾರದ ಹಳೇ ಆಫೀಸ್ ಮಾನಿಟರ್. ಈ ಆಟಗಳಲ್ಲಿ ಹೆಚ್ಚಿನವು 4:3ರವು, ಅಂದರೆ ನಾಲ್ಕು ಪಾಲು ಅಗಲಕ್ಕೆ ಮೂರು ಪಾಲು ಎತ್ತರ, ಅಗಲದ ಪರದೆಯಲ್ಲಿ ಎರಡೂ ಕಡೆ ಕಪ್ಪು ಪಟ್ಟಿ ಬರುತ್ತೆ. ಎಳೆದು ತುಂಬಿಸಬೇಡಿ, ಮುಸ್ತಫಾ ಕುಳ್ಳಗಾಗುತ್ತಾನೆ.

ಹಳೇ ಗೇಮ್ ತಾನೇ, ಎಲ್ಲ ಫ್ರೀ ಅಲ್ವಾ?

ಅಲ್ಲ. 1997ರಲ್ಲಿ ಶುರುವಾದ ಮೇಮ್ ಎಂಬ ಎಮ್ಯುಲೇಟರ್, ಅಂದರೆ ಹಳೇ ಆರ್ಕೇಡ್ ಯಂತ್ರದ ಹಾಗೆ ನಟಿಸುವ ಸಾಫ್ಟ್‌ವೇರ್, ಉಚಿತ, ಅದರೊಳಗೆ ಓಡುವ ಆಟಗಳ ಹಕ್ಕು ಕಂಪನಿಗಳದ್ದು. ಹಕ್ಕುದಾರರೇ ವ್ಯಾಪಾರವಲ್ಲದ ಬಳಕೆಗೆ ಬಿಟ್ಟುಕೊಟ್ಟ ಕೆಲವು ಆಟಗಳು ಮೇಮ್‌ನವರ ತಾಣದಲ್ಲೇ ಸಿಗುತ್ತವೆ. ಡೆಸ್ಕ್‌ಟಾಪ್ ಹಾಕಿದ್ದರೆ ಕ್ಯಾಪ್‌ಕಾಮ್‌ನಂಥವರು ಹಳೇ ಆಟಗಳನ್ನು ಕಟ್ಟಿ ಮಾರುವ ಸಂಗ್ರಹಗಳನ್ನು ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಳ್ಳಬಹುದು, ಆಗಾಗ ಅಗ್ಗಕ್ಕೂ ಬರುತ್ತವೆ. “ಹತ್ತು ಸಾವಿರ ಗೇಮ್ ತುಂಬಿದ ಕಾರ್ಡ್ ಕೊಡಿ” ಅಂತ ನನ್ನನ್ನು ಕೇಳಬೇಡಿ. ನಮ್ಮ ಮನೆಯಲ್ಲಿ ಆಡೋದು ಒಂಬತ್ತೇ ಆಟ. ಹೋಮ್‌ಸ್ಟೇಯಲ್ಲಿ ಇಟ್ಟು ಕಾಸು ತಗೋತೀನಿ ಅನ್ನುವವರಿಗೆ ಲೆಕ್ಕವೇ ಬೇರೆ. ಅವರು ಮೊದಲು ವಕೀಲರನ್ನು ಕೇಳಲಿ.

ಮೇಲಿನ ದೀಪದ ಬೋರ್ಡ್ ಮೇಲೆ ಕನ್ನಡದಲ್ಲಿ ಬರೆಸಬಹುದಾ?

ಬರೆಸಲೇಬೇಕು. ಬ್ಯಾನರ್ ಅಂಗಡಿಯಲ್ಲಿ ಹಿಂದಿನಿಂದ ಬೆಳಕು ಹಾಯುವ ಹಾಳೆ ಕೇಳಿ, ಎರಡು ಅಕ್ರಿಲಿಕ್ ತುಂಡುಗಳ ನಡುವೆ ಸಿಕ್ಕಿಸಿ, ಹಿಂದೆ 12 ವೋಲ್ಟ್ ಎಲ್‌ಇಡಿ ಪಟ್ಟಿ. ಒಂದೇ ಎಚ್ಚರಿಕೆ: ಫೈಲನ್ನು ಅಕ್ಷರವಾಗಿ ಕೊಡಬೇಡಿ, ಆಕಾರಕ್ಕೆ ಬದಲಾಯಿಸಿದ ಪಿಡಿಎಫ್ ಕೊಡಿ. ಅವರ ಹಳೇ ಸಾಫ್ಟ್‌ವೇರಿನಲ್ಲಿ ಯೂನಿಕೋಡ್ ಒತ್ತಕ್ಷರ ಕಳಚಿಕೊಳ್ಳುತ್ತೆ. ನಮ್ಮ ‘ಮುಷ್ಟಿಯುದ್ಧ’ ಮೊದಲ ಸಲ ‘ಮುಷ್‌ಟಿಯುದ್‌ಧ’ ಅಂತ ಬಂತು. ಒಂದು ತಿಂಗಳು ಹಾಗೇ ಇತ್ತು, ನೆಂಟರೆಲ್ಲ ಓದಿ ನಕ್ಕರು.

ಶಾಕ್ ಹೊಡೆಯುವ ಭಯ ಇಲ್ವಾ?

ಬಟನ್ ಕಡೆ ಐದೇ ವೋಲ್ಟ್, ಅಲ್ಲಿ ಹೆದರಬೇಡಿ. 230 ವೋಲ್ಟ್ ಬರುವ ಜಾಗವನ್ನು ಮಾತ್ರ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ: ಫ್ಯೂಸ್ ಇರುವ ಸಾಕೆಟ್, ಮೂರು ಪಿನ್ನಿನ ಪ್ಲಗ್, ಕಬ್ಬಿಣದ ಭಾಗಕ್ಕೆಲ್ಲ ಅರ್ಥಿಂಗ್. ಹಳೇ ಎಸ್ಟೇಟ್ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಮೂರನೆಯದಕ್ಕೆ ತಂತಿಯೇ ಇರಲ್ಲ, ಟೆಸ್ಟ್ ಮಾಡಿಸಿ. ಹೂಮಳೆ ಹೊತ್ತಿಗೆ ಗುಡುಗು ಕೇಳಿದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ.

ಯಾವ ತಿಂಗಳಲ್ಲಿ ಶುರು ಮಾಡೋದು? ಖರ್ಚೆಷ್ಟು?

ಮರಗೆಲಸ, ಬಣ್ಣ ಎರಡೂ ಏಪ್ರಿಲ್ ಒಳಗೆ ಮುಗಿಯಲಿ. ಮಳೆಯಲ್ಲಿ ಬಳಿದ ಎನಾಮೆಲ್ ವಾರವಾದರೂ ಕೈಗೆ ಅಂಟುತ್ತೆ, ಪಾಲಿಶ್ ಬೆಳ್ಳಗಾಗುತ್ತೆ. ತಂತಿ ಕೆಲಸ, ಸೆಟ್ಟಿಂಗ್ ಎಲ್ಲ ಮಳೆಗಾಲಕ್ಕೆ ಇಟ್ಟುಕೊಳ್ಳಿ, ಹೇಗೂ ಹೊರಗೆ ಹೋಗೋಕಾಗಲ್ಲ.

ಖರ್ಚು ನನಗೆ ಸುಮಾರು 27,000 ಆಯಿತು, ಮಾನಿಟರ್ ಪುಕ್ಕಟೆ ಸಿಕ್ಕಿಯೂ. ಅರ್ಧಕ್ಕಿಂತ ಹೆಚ್ಚು ಹಲಗೆಗೆ, ಆಚಾರ್ರ ಕೂಲಿಗೆ ಹೋಯಿತು. ಅಷ್ಟು ಬೇಡ ಅನ್ನುವವರು ಮೇಜಿನ ಮೇಲಿಡುವ ಚಿಕ್ಕ ಪೆಟ್ಟಿಗೆ ಮಾಡಿ, ಒಂದೇ ಶೀಟ್ ಸಾಕು. ಎನ್‌ಕೋಡರ್, ಬಟನ್ ಹಾಸನದಲ್ಲೂ ಹುಡುಕಿದೆ, ಸಿಗಲಿಲ್ಲ. ಬೆಂಗಳೂರಿನ ಎಸ್.ಪಿ. ರೋಡ್ ಅಥವಾ ಆನ್‌ಲೈನೇ ಗತಿ.

ಒಳಗೆ ಇಲಿ, ಹಲ್ಲಿ ಸೇರಿಕೊಳ್ಳಲ್ವಾ?

ಸೇರಿಕೊಳ್ಳುತ್ತವೆ. ಬೆಚ್ಚಗಿರುತ್ತೆ ನೋಡಿ. ಗಾಳಿಗೆ ಹಿಂಬದಿಯಲ್ಲಿ ಕೆಳಗೊಂದು ಮೇಲೊಂದು ಕಿಂಡಿ ಬೇಕೇ ಬೇಕು, ಎರಡಕ್ಕೂ ಕಬ್ಬಿಣದ ಸಣ್ಣ ಜಾಲರಿ ಬಡಿಯಿರಿ. ಪ್ಲಾಸ್ಟಿಕ್ ಸೊಳ್ಳೆ ಪರದೆ ಇಲಿಗೆ ಒಂದು ರಾತ್ರಿಯ ಕೆಲಸ.

ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದ ಹಾಗಾಗುತ್ತೆ. ಏನು ಮಾಡೋದು?

ಮೈಕ್ರೋಸ್ವಿಚ್ ಸವೆದಿದೆ. ರಿಪೇರಿ ಮಾಡಬೇಡಿ, ಬದಲಾಯಿಸಿ. ಮೊದಲೇ ನಾಲ್ಕೈದು ಹೆಚ್ಚು ತಂದಿಟ್ಟುಕೊಳ್ಳಿ. ಮಳೆಗಾಲದಲ್ಲಿ ವಾರಗಟ್ಟಲೆ ಆಡದೆ ಬಿಟ್ಟರೆ ಕಾಂಟ್ಯಾಕ್ಟ್ ಮೇಲೆ ಕಿಲುಬು ಹಿಡಿದೂ ಹೀಗಾಗುತ್ತೆ. ಆಗ ಐವತ್ತು ಸಲ ಸುಮ್ಮನೆ ಕುಟ್ಟಿದರೆ ಕೆಲವೊಮ್ಮೆ ತಾನಾಗಿ ಬಿಡುತ್ತೆ. ನಮ್ಮಲ್ಲಿ ಆ ಕೆಲಸ ಮಗಳದು.